ಎರಡು ಬಾಯಿಗೆ ಒಂದೇ ಬೀಗ

ಕ್ಲೈವ್ ರಶ್‌ವರ್ತ್ ಸ್ಟೋರ್‌ರೂಮಿನ ಬಾಗಿಲು ಹಾಕಿಕೊಂಡು ಲೋರ್ನಾಳ ಮೈಮೇಲೆ ಕೈಹಾಕಿದ್ದು ನಾಲ್ಕು ವರ್ಷದ ಹಿಂದೆ. ಅವನು ಇಂದಿಗೂ ಸ್ಕಿಪ್ಟನ್ ಊರಿನ ಆ ಬಣ್ಣದ ಕಾರ್ಖಾನೆಯ ಮ್ಯಾನೇಜರ್. ಅವಳ ಕೆಲಸ ಹೋಯಿತು, ಜೊತೆಗೆ ಬಾಯಿಯೂ ಹೋಯಿತು. ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿಸಿಕೊಂಡೇ ಅವಳನ್ನು ಕಳಿಸಿದ್ದರು. "ಅಷ್ಟು ಒಳ್ಳೆ ಕೆಲಸ ಯಾಕೆ ಬಿಟ್ಟೆ, ಕೊಬ್ಬಾ?" ಎಂದು ತಂಗಿ ಹಂಗಿಸಿದಾಗಲೂ ಲೋರ್ನಾ ಕೇಕು ಕತ್ತರಿಸುತ್ತಲೇ ಇದ್ದಳು.

ಸೇಡಿನ ದಾರಿ ಆ ಕರಾರಿನಲ್ಲೇ ಹೊಳೆಯಿತು. ಸಹಿ ಹಾಕಿಸಿದ ದಿನ ಸಿಬ್ಬಂದಿ ವಿಭಾಗದ ಜಿಲಿಯನ್ ಒಂದೊಂದೇ ಕಲಮು ಓದಿ ಹೇಳಿದ್ದಳು. "ಇದು ಇಬ್ಬರಿಗೂ ಅನ್ವಯ ಕಣಮ್ಮ. ನೀನೂ ಮಾತಾಡೋ ಹಾಗಿಲ್ಲ, ನಾವೂ ಮಾತಾಡೋ ಹಾಗಿಲ್ಲ."

"ಪೊಲೀಸರ ಹತ್ರವೂ?"

"ಯಾರ ಹತ್ರಾನೂ ಅಂದ್ರೆ ಯಾರ ಹತ್ರಾನೂ."

ಹಾಗಾದರೆ ನಾಳೆ ಕ್ಲೈವ್‌ಗೆ ಕೇಡಾಗಿ, ಅವನ ಮೇಲೆ ಯಾರಿಗೆ ಹಗೆಯಿತ್ತೆಂದು ಪೊಲೀಸರು ಕೇಳಿದರೆ ಕಂಪನಿ ಅವಳ ಹೆಸರೆತ್ತುವಂತಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬೀಳಲಿ.

ಕ್ಲೈವ್‌ಗೆ ಹೆಂಡತಿಗಿಂತ ಹೆಚ್ಚಾಗಿದ್ದದ್ದು ಕಾಲುವೆಯಲ್ಲಿ ಕಟ್ಟಿದ್ದ ದೋಣಿಮನೆ. ಹನ್ನೊಂದು ವರ್ಷ ಅದಕ್ಕೆ ಕೈಯಾರೆ ಬಣ್ಣ ಬಳಿದಿದ್ದ. ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಹುರಿದ ಮಾಂಸದ ರೋಸ್ಟ್ ಊಟಕ್ಕೆ ಕೂತರೆ ಎರಡು ತಾಸು ಏಳುವವನಲ್ಲ. ಲೋರ್ನಾ ಏಳು ಭಾನುವಾರ ಅದನ್ನೇ ಗಮನಿಸಿದಳು. ಎಂಟನೆಯ ಭಾನುವಾರ ಬಸ್ಸಿನಲ್ಲಿ ಹೋದಳು, ದೋಣಿಯಲ್ಲಿ ಯಾರೂ ಇಲ್ಲವೆಂದು ಎರಡೆರಡು ಸಲ ಇಣುಕಿ ನೋಡಿ ಬೆಂಕಿಯಿಟ್ಟಳು, ಬಸ್ಸಿನಲ್ಲೇ ಮರಳಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಗೆ ಬಂದು ಎರಡು ಮೊಟ್ಟೆ ಬೇಯಿಸಿಕೊಂಡು ತಿಂದಳು. ನಾಲ್ಕು ವರ್ಷದಲ್ಲಿ ಊಟ ರುಚಿಸಿದ್ದು ಅಂದೇ.

ಗುರುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಡೆಂಟ್ ಬಾಗಿಲು ತಟ್ಟಿದ. "ನಿಮ್ಮ ಹೆಸರು ಕಂಪನಿಯೋರೇ ಕೊಟ್ರು. ಆಮೇಲೆ ಬಸ್ಸಿನ ಕ್ಯಾಮೆರಾದಲ್ಲಿ ಮುಖ ಹುಡುಕೋದು ಏನು ಮಹಾ."

ಲೋರ್ನಾ ನಕ್ಕೇಬಿಟ್ಟಳು. "ಅವರು ಬಾಯಿ ಬಿಡೋ ಹಾಗೇ ಇಲ್ಲ. ಕರಾರಿದೆ."

ಡೆಂಟ್ ಕರಾರನ್ನು ಮೇಜಿನ ಮೇಲಿಟ್ಟು ಹತ್ತೊಂಬತ್ತನೇ ಕಲಮಿನ ಮೇಲೆ ಬೆರಳಿಟ್ಟ. ಅಪರಾಧದ ವಿಷಯವಾಗಿ ಪೊಲೀಸರೊಂದಿಗೆ ಮಾತಾಡಲು ಎರಡು ಕಡೆಯವರಿಗೂ ಅಡ್ಡಿಯಿಲ್ಲ ಎಂದಿತ್ತು. ಲೋರ್ನಾ ಆ ಕಾಗದವನ್ನು ಕಣ್ಣಾರೆ ಓದುತ್ತಿದ್ದುದು ಇದೇ ಮೊದಲು. ಕಂಪನಿ ಅವಳಿಗೆ ಪ್ರತಿ ಕೊಟ್ಟಿರಲಿಲ್ಲ, ಜಿಲಿಯನ್ ಓದಿದ್ದು ಹದಿನೆಂಟರವರೆಗೆ. "ಅವನು ಮಾಡಿದ್ದನ್ನ ಯಾವತ್ತು ಬೇಕಾದ್ರೂ ಬಂದು ನಮಗೆ ಹೇಳಬಹುದಿತ್ತಲ್ಲ ಮೇಡಂ," ಎಂದ ಡೆಂಟ್. ಠಾಣೆ ಇದ್ದದ್ದು ಅವಳ ಮನೆಯಿಂದ ಮೂರನೇ ಬೀದಿಯಲ್ಲಿ. ನಾಲ್ಕು ವರ್ಷ ದಿನವೂ ಹಾಲು ತರಲು ಅವಳು ಅದರ ಮುಂದೆಯೇ ಹೋಗುತ್ತಿದ್ದಳು.