ಮದರಂಗಿ ಹಚ್ಚಿದ ಎಡಗೈ

ಅಖ್ತರಿಯ ಕೈಹಿಡಿದ ಗಂಡನ ಕೈಯನ್ನು ದಿನಾ ಬೆಳಿಗ್ಗೆ ಇನ್ನೊಬ್ಬಳು ಹಿಡಿಯುತ್ತಿದ್ದಳು. ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಬಗ್ಗಿ ನೋಡಿ, ಮುಗುಳ್ನಗುತ್ತಿದ್ದಳು. ಅದೂ ಅಖ್ತರಿಯ ಕಣ್ಣೆದುರಿಗೇ.

ಅವಳು ಸುಮಿತ್ರಾ ಸಿಸ್ಟರ್. ಬೆಟಗೇರಿಯ ನೇಕಾರ ರಹಮಾನಸಾಬ ಗದಗಿನ ಆ ಆಸ್ಪತ್ರೆಯಲ್ಲಿ ಮಲಗಿ ತಿಂಗಳ ಮೇಲಾಗಿತ್ತು. ಸೈಕಲ್ಲಿನಿಂದ ಬಿದ್ದು ಮುರಿದ ಕಾಲು. ಎಲುಬಿಗೆ ಕೀವು ಸೇರಿತ್ತು. ಔಷಧ ವಾರಗಟ್ಟಲೆ ನರದೊಳಗೇ ಹೋಗಬೇಕು, ತಪ್ಪಿದರೆ ಕಾಲೇ ಹೋದೀತು ಎಂದಿದ್ದರು ಡಾಕ್ಟರು. ಮಗ್ಗ ತುಳಿಯುವವನಿಗೆ ಕಾಲು ಹೋದರೆ ಉಳಿಯುವುದೇನು?

ಅದಕ್ಕೇ ಕೈಗೆ ಸೂಜಿ, ಸೂಜಿಗೆ ನಳಿಗೆ, ಮೇಲೆ ತಲೆಕೆಳಗಾಗಿ ತೂಗುವ ಸಲೈನ್ ಬಾಟಲಿ. ಸೂಜಿ ಅಲುಗದಂತೆ ಅಂಟುಪಟ್ಟಿ. ಆ ಪಟ್ಟಿಯೇ ಈಗ ಕಾಟವಾಗಿತ್ತು. ಅಂಟಿದಲ್ಲೆಲ್ಲ ಚರ್ಮ ಕೆಂಪಾಗಿ, ತುರಿಸಿ, ಗುಳ್ಳೆ ಏಳುತ್ತಿತ್ತು. ಯಾರೋ ಅವಸರದಲ್ಲಿ ಕಿತ್ತದ್ದಕ್ಕೆ ಬಲಗೈಯ ಸಿಪ್ಪೆಯೇ ಎದ್ದು ಬಂದು, ಈಗಷ್ಟೇ ಮಾಯುತ್ತಿತ್ತು. ಈಗ ಎಡಗೈಯ ಸರದಿ.

ಸುಮಿತ್ರಾ ಪಟ್ಟಿ ಕೀಳುವವಳಲ್ಲ. ಒದ್ದೆ ಹತ್ತಿಯಿಂದ ಅಂಚು ನೆನೆಸಿ, ಒಂದು ಬೆರಳಿನಿಂದ ಚರ್ಮ ಒತ್ತಿ ಹಿಡಿದು, ಪಟ್ಟಿಯನ್ನು ಹಿಂದಕ್ಕೆ ಮಡಚುತ್ತ ಮಡಚುತ್ತ ಬಿಡಿಸುತ್ತಿದ್ದಳು. ಉರಿಯುತ್ತಿದೆಯೇ ಎಂದು ಕೇಳುವಾಗ ಅವಳ ದನಿ ಬೆಣ್ಣೆಯಾಗುತ್ತಿತ್ತು. ಉರಿ ಮಾತ್ರ ಮಂಚದ ಈಚೆಗೆ ನಿಂತವಳಿಗೆ.

ಇಷ್ಟನ್ನು ಅಖ್ತರಿ ಹೇಗೋ ನುಂಗಿಕೊಂಡಿದ್ದಳು. ಆದರೆ ಒಂದು ದಿನ ರಹಮಾನಸಾಬ ಸಿಸ್ಟರಿನ ಬೆರಳುಗಳನ್ನೇ ನೋಡುತ್ತ, "ಇಂಥಾ ಕೈ ನಮ್ಮ ಮಗ್ಗಕ್ಕ ಬೇಕಾಗಿತ್ತು ನೋಡ್ರಿ. ಹರದ ಎಳಿ ಕೂಡಸಾಕ," ಎಂದುಬಿಟ್ಟ.

ಮನೆಯಲ್ಲಿ ಹರಿದ ಎಳೆ ಕೂಡಿಸುವವಳು ಅಖ್ತರಿ. ಲಗ್ನವಾಗಿ ಎರಡು ವರ್ಷ, ಒಮ್ಮೆಯೂ ಇಂಥ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಊಟದ ಡಬ್ಬಿಯನ್ನು ಅವಳು ಸ್ಟೂಲಿನ ಮೇಲೆ ಕುಕ್ಕಿದ ಸಪ್ಪಳಕ್ಕೆ ಪಕ್ಕದ ಮಂಚದ ಮುದುಕ ಎದ್ದು ಕೂತ. ಯಾಕೆ ಸಿಟ್ಟು ಎಂದು ಗಂಡ ಕೇಳಿದರೆ ಸಿಟ್ಟೇನೂ ಇಲ್ಲ ಎಂದಳು. ತುತ್ತು ಇಡುವ ಅವಳ ಬೆರಳನ್ನು ಕಚ್ಚಿದಂತೆ ಮಾಡಿ ಅವನು ಕಣ್ಣು ಮಿಟುಕಿಸಿದ. ಅವಳು ನಗಲಿಲ್ಲ.

ಮನೆಗೆ ಹೋದವಳಿಗೆ ಹಿತ್ತಲ ಮದರಂಗಿ ಗಿಡ ಕಣ್ಣಿಗೆ ಬಿತ್ತು. ಅದರೊಂದಿಗೆ ಹಳೆಯ ನೋವೂ ಎದ್ದಿತು. ಲಗ್ನದ ಹಿಂದಿನ ದಿನ ಮದುಮಗನ ಕೈಗೆಂದು ಇವಳ ಮನೆಯಿಂದ ಮದರಂಗಿ ಹೋದಾಗ ಅವನು ಬೇಡವೆಂದು ಮರಳಿ ಕಳಿಸಿದ್ದ. ಮಗ್ಗದ ಮೇಲೆ ಬಿಳಿ ರೇಷ್ಮೆಯ ಹಾಸೆಳೆ ಬಿಗಿದಿದೆ, ಬಣ್ಣ ಹತ್ತಿದರೆ ಸೀರೆ ಹಾಳು ಎಂಬ ನೆಪ. ನಿನ್ನ ಗಂಡನಿಗೆ ನಿನಗಿಂತ ಸೀರೆಯೇ ಹೆಚ್ಚು ಎಂದು ಗೆಳತಿಯರು ನಕ್ಕಿದ್ದರು.

ಈಗ ಮಗ್ಗ ಖಾಲಿ. ಮದರಂಗಿ ತಂಪು, ತುರಿಕೆಗೂ ಒಳ್ಳೆಯದೇ. ಅದಕ್ಕಿಂತ ಮುಖ್ಯ, ದಿನಾ ಆ ಕೈ ಹಿಡಿಯುವವಳಿಗೆ ಅದು ಯಾರ ಗಂಡನ ಕೈ ಎಂದು ಗೊತ್ತಾಗಬೇಕು.

ಮರುದಿನ ಮಧ್ಯಾಹ್ನ, ವಾರ್ಡಿಗೆ ವಾರ್ಡೇ ತೂಕಡಿಸುವಾಗ, ಅರೆದ ಮದರಂಗಿಯ ಡಬ್ಬಿ ತೆರೆದು ಹಚ್ಚಲೇ ಎಂದು ಕೇಳಿದಳು. ಅವನು ಡಬ್ಬಿಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನೆ ಎಡಗೈ ಚಾಚಿದ. ಪಟ್ಟಿಯಷ್ಟು ಜಾಗ ಬಿಟ್ಟು ಅಂಗೈ, ಹಿಂಗೈ, ಮಣಿಕಟ್ಟಿನ ಮೇಲಕ್ಕೂ ಬಳಿದಳು. ಬಳಿಯುವಷ್ಟು ಹೊತ್ತೂ ಅವನು ಅವಳನ್ನೇ ನೋಡುತ್ತಿದ್ದ.

ಬೆಳಿಗ್ಗೆ ಆ ಕೈ ಹಿಡಿದ ಸುಮಿತ್ರಾ ಮುಗುಳ್ನಗಲಿಲ್ಲ. ದಿನಾ ಅವಳು ಬಗ್ಗಿ ನೋಡುತ್ತಿದ್ದದ್ದು ಕೆಂಪನ್ನು. ಪಟ್ಟಿಯ ಅಡಿಯಲ್ಲಷ್ಟೇ ಕೆಂಪಿದ್ದರೆ ಅದು ಚರ್ಮದ ಕಾಟ. ನರದ ಗುಂಟ ಮೇಲಕ್ಕೆ ಏರಿದರೆ ನರವೇ ಕೆಟ್ಟಂತೆ, ಸೂಜಿಯನ್ನು ಆಗಿಂದಾಗಲೇ ತೆಗೆಯಬೇಕು. ಬಿಟ್ಟರೆ ನಂಜು ಮೈಗೇರೀತು. ಈಗ ಕೈಯೆಲ್ಲ ಕೆಂಪು. ಯಾವ ಕೆಂಪು ಯಾವುದೆಂದು ಹೇಗೆ ನೋಡುವುದು?

ಸಿಸ್ಟರ್ ಇದನ್ನೆಲ್ಲ ಹೇಳುವಾಗ ಅಖ್ತರಿ ತನ್ನ ಕೆಂಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿಸ್ಟರ್ ಬೈದದ್ದು ಅವಳನ್ನಲ್ಲ. "ಕೈಗೆ ಏನೂ ಹಚ್ಚಬಾರದು ಅಂತ ನಿಮಗ ಹೇಳಿದ್ದೆನಲ್ಲರಿ. ಯಾಕ ಹಚ್ಚಿಸ್ಕೊಂಡ್ರಿ?"

ರಹಮಾನಸಾಬ ತಲೆ ತಗ್ಗಿಸಿದ. "ಲಗ್ನದಾಗ ಒಮ್ಮೆ ಬ್ಯಾಡ ಅಂದಿದ್ದೆರಿ. ಆವತ್ತಿಂದ ಆಕಿ ಬಾಡಿದ ಮುಖ ನೋಡೀನಿ. ಇನ್ನೊಮ್ಮೆ ಬ್ಯಾಡ ಅನ್ನಾಕ ಆಗಲಿಲ್ಲ."

ಅವನಿಗೂ ನೆನಪಿತ್ತು. ಆ ನೋವನ್ನು ತಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆ ಎಂದು ಅಖ್ತರಿ ತಿಳಿದಿದ್ದಳು.

ಸುಮಿತ್ರಾ ಅವಳನ್ನು ಹತ್ತಿರ ಕರೆದಳು. "ಕಣ್ಣಿಗೆ ಕಾಣವಲ್ದು, ಕೈಲೇ ನೋಡಬೇಕು. ನಿನ್ನೆ ಕಡೀಕ ಈ ಕೈ ಹಿಡದಾಕಿ ನೀವು. ಮುಟ್ಟಿ ಹೇಳ್ರಿ, ನಿನ್ನೆಗಿಂತ ಬಿಸಿ ಐತೇನು?"

ಅಖ್ತರಿ ಬೆರಳ ಹಿಂಬದಿಯಿಂದ ಮೆಲ್ಲಗೆ ಸವರಿದಳು. ಮಣಿಕಟ್ಟು ನಿನ್ನೆಯಂತೆಯೇ ಇತ್ತು. ಸ್ವಲ್ಪ ಮೇಲೆ ಹೋದರೆ ಕಾವು. ಅದರಡಿಯಲ್ಲಿ ಗಂಜಿ ಹಾಕಿದ ಎಳೆಯಂತೆ ಏನೋ ಬಿರುಸು. ನೂಲು ಹಿಡಿದು ಬೆಳೆದ ಬೆರಳು ಅಲ್ಲೇ ನಿಂತಿತು.

"ಇಲ್ಲೆ ಬಿಸಿ ಐತ್ರಿ. ಎಳಿ ಬಿರುಸಾಗೇತಿ."

ಸಿಸ್ಟರ್ ತಾನೂ ಮುಟ್ಟಿ ನೋಡಿ ತಲೆಯಾಡಿಸಿದಳು, ತಡಮಾಡದೆ ಸೂಜಿ ತೆಗೆದಳು. ಬಲಗೈಯಲ್ಲಿ, ಮಾಯ್ದ ಚರ್ಮಕ್ಕಿಂತ ಮೇಲೆ, ಬೇರೊಂದು ನರ ಸಿಕ್ಕಿತು. ಈ ಸಲ ಪಟ್ಟಿ ತುಸುವೇ. ಅದರ ಮೇಲೆ ಅರಿವೆಯ ಸುತ್ತು. ಹೊತ್ತಿಗೆ ಸರಿಯಾಗಿ ತೆಗೆದಿರಿ, ಕಾಲಿನ ಔಷಧವೂ ತಪ್ಪಲಿಲ್ಲ ಎಂದರು ಡಾಕ್ಟರು. ಅರಿವೆ ಬಿಚ್ಚಿ ಕಟ್ಟುವಾಗ ನಾಳೆಯಿಂದ ಅಖ್ತರಿಯೂ ಜೊತೆಗಿರಲಿ ಎಂದು ಸುಮಿತ್ರಾ ಹೇಳಿದಳು. ಹೋಗುವಾಗ ಇಂಥ ಕೈ ಮನೆಯಲ್ಲಿಟ್ಟುಕೊಂಡು ನನ್ನ ಕೈ ಹೊಗಳುತ್ತೀರಲ್ಲ ಎಂದು ಅವನನ್ನು ಚುಚ್ಚದೇ ಬಿಡಲಿಲ್ಲ.

ಅಖ್ತರಿ ಒದ್ದೆ ಅರಿವೆಯಿಂದ ಅವನ ಎಡಗೈ ಒರೆಸತೊಡಗಿದಳು. ಕಣ್ಣೀರು ನಿಲ್ಲಲಿಲ್ಲ.

"ಆಕಿ ಕೈ ಛಲೋ ಅಂದದ್ದು ಖರೆ," ಎಂದ ರಹಮಾನಸಾಬ. "ನಿನ್ನ ಕೈಯಂಗ ಐತಿ ಅನ್ನೂದು ಬಾಯಾಗ ಉಳದಿತ್ತು."

ಎಷ್ಟು ಒರೆಸಿದರೂ ಬಣ್ಣ ಹೋಗಲಿಲ್ಲ. ಪಟ್ಟಿಯಿದ್ದ ಜಾಗವೊಂದು ಬಿಟ್ಟು ಕೈಯೆಲ್ಲ ಗಾಢವಾಗಿ ಏರಿತ್ತು. ಅವಳು ಮೂಗೊರೆಸಿಕೊಂಡು ಕೇಳಿದಳು, "ಹೆಂಗಸರ ಕೈಯಾಗ ಏರಿದರ ಗಂಡನ ಪ್ರೀತಿ ಅಂತಾರ. ಗಂಡಸರ ಕೈಯಾಗ ಇಷ್ಟು ಏರಿದರ ಏನ್ರಿ?"

"ಹೇಂತಿ ಹೊಟ್ಟಿಕಿಚ್ಚು."

ಸಿಸ್ಟರಿನ ಹೆಜ್ಜೆ ವಾರ್ಡಿನ ಆ ತುದಿಯಿಂದ ಮತ್ತೆ ಇತ್ತಲೇ ಬರುತ್ತಿತ್ತು. ಅಖ್ತರಿ ಕೈ ಬಿಡಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹಂಗಾರ ನಾಳಿಗೆ ಇನ್ನೂ ಏರತೈತಿ, ನೋಡ್ಕೋತ ಇರ್ರಿ."