ಒಂದೇ ಸೀಟಿ

ನನಗೂ ಭಾವನಿಗೂ ಹನ್ನೊಂದು ವರ್ಷ ಒಂದೇ ಹುಚ್ಚು, ಕಡಿದಾದ ಬೆಟ್ಟದ ತೊರೆಯಲ್ಲಿ ಕಯಾಕ್ ಇಳಿಸುವುದು. ಮೊದಲು ಇಳಿಯುವವರು ಅವರೇ. "ಕೆಳಗಿಂದ ಒಂದು ಸೀಟಿ ಹೊಡೆದ್ರೆ ಬಾ. ಮೂರು ಹೊಡೆದ್ರೆ ದೋಣಿ ಹೊತ್ಕೊಂಡು ದಡದ ಮೇಲೆ ಬಾ" ಅನ್ನುತ್ತಿದ್ದರು. ಒಮ್ಮೆಯೂ ತಪ್ಪು ಸೀಟಿ ಹೊಡೆದವರಲ್ಲ.

ಅವರು ಜ್ವರದಲ್ಲಿ ತೀರಿಕೊಂಡ ಮರುವರ್ಷ ಒಬ್ಬನೇ ಹೋದೆ. ನಡುಮಧ್ಯಾಹ್ನ. ದೊಡ್ಡ ಜಲಪಾತದ ನೆತ್ತಿಯಲ್ಲಿ, ಅಭ್ಯಾಸ ನೋಡಿ, ಸೀಟಿಗೆ ಕಾಯುತ್ತಾ ಕೂತುಬಿಟ್ಟೆ. ಮುಂದೆ ಹೋದವರು ಯಾರೂ ಇಲ್ಲವಲ್ಲ ಎಂದು ನಗು ಬರುವಷ್ಟರಲ್ಲಿ ಕೆಳಗಿನಿಂದ ಸೀಟಿ ಕೇಳಿತು. ಒಂದೇ.

ಹೇಳಲು ನಾಚಿಕೆ, ಮೊದಲು ಆಗಿದ್ದು ಖುಷಿ. ಹುಟ್ಟು ಎತ್ತಿಯೂ ಆಗಿತ್ತು. ಆಮೇಲೆ, ಭಾವನ ಸೀಟಿ ನನ್ನ ಎದೆಯ ಜೇಬಿನಲ್ಲೇ ಇದೆಯೆಂದು ನೆನಪಾಗಿ ಮುಟ್ಟಿ ನೋಡಿದೆ. ಹಿಮದ ನೀರಿಗೆ ನನ್ನ ಬೆರಳು ಮರಗಟ್ಟಿದ್ದವು. ಸೀಟಿ ಮಾತ್ರ ಈಗಷ್ಟೇ ಬಾಯಿಂದ ತೆಗೆದ ಹಾಗೆ ಬೆಚ್ಚಗಿತ್ತು.

ದೋಣಿ ಹೊತ್ತು ದಡದ ಮೇಲೆ ನಡೆದೆ. ಜಲಪಾತದ ಬುಡದಲ್ಲಿ ಅಡ್ಡಲಾಗಿ ಒಂದು ಮರ ಸಿಕ್ಕಿಕೊಂಡಿತ್ತು. ಇಳಿದಿದ್ದರೆ ನಾನು ಮೇಲೇಳುತ್ತಿರಲಿಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ.

"ಎಷ್ಟು ಸಲ ಹೊಡೆದ್ರು?" ಅಂದಳು.

"ಮೂರು" ಅಂದೆ.

"ಸತ್ತ ಮೇಲೂ ನಿನ್ನ ಕಾಯ್ತಾ ಇದಾರೆ ಕಣೋ" ಎಂದು ಕಣ್ಣೊರೆಸಿಕೊಂಡಳು.

"ಹೌದಕ್ಕಾ. ಕಾಯ್ತಾ ಇದಾರೆ."