ಕಡಲನ್ನು ಹೊತ್ತ ಹಡಗು

ಬಹಳ ಹಿಂದೆ, ಪಡುವಣ ತೀರದಲ್ಲಿ ಅಲೆಗೋಡು ಎಂಬ ರಾಜ್ಯವಿತ್ತು. ಅಲ್ಲಿ ನಲವತ್ತು ಮನೆಯ ಆಚಾರಿಗಳು ಒಂದೇ ಕೂಟವಾಗಿ ಹಡಗು ಕಟ್ಟುತ್ತಿದ್ದರು. ಮೊಳೆ ಹೊಡೆಯುತ್ತಿರಲಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಕಟ್ಟಿ ಮುಗಿದ ಹಡಗಿಗೆ ಬಾವಿಯ ನೀರು ಹೊತ್ತು ತಂದು ಅಂಚಿನವರೆಗೆ ತುಂಬುತ್ತಿದ್ದರು. ಹೊರಗೆ ಒಂದು ಹನಿ ಜಿನುಗಿದರೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಈ ಪದ್ಧತಿ ಹಾಕಿಕೊಟ್ಟವಳು ಒಬ್ಬ ಮುತ್ತಜ್ಜಿ. ಹಡಗಿಗೆ ಸುರಿಯುವ ಮೊದಲ ಕೊಡ ನೀರು ಅವಳಿಗೆ ಮೀಸಲು. ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ನೀರು ಮಾತ್ರ ತಪ್ಪಿರಲಿಲ್ಲ.

ಊರಿನಾಚೆಯ ಬೆಟ್ಟದಲ್ಲಿ ಧೂಮಾಕ್ಷ ಎಂಬ ಮಾಂತ್ರಿಕನಿದ್ದ. ಅಲೆಯ ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅವನು ಒಂದು ದಿನ ಇಡೀ ಕಡಲನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿಕೊಂಡು ಹೋದ. ದೊಡ್ಡ ಕೆಡುಕಿಗೆ ದೊಡ್ಡ ಕಾರಣವೇ ಬೇಕೆಂದೇನಿಲ್ಲ.

ಕಡಲು ಹೋದ ಮೇಲೂ ಆಚಾರಿಗಳು ಹಡಗು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕಟ್ಟುವ ಜಾಗ ಬರಿದಾಗಿರಬಾರದು ಎಂಬ ನೇಮವಿತ್ತು. ಒಣ ಮರಳಿನ ಮೇಲೆ ಹನ್ನೊಂದು ಹೊಸ ಹಡಗುಗಳು ಸಾಲಾಗಿ ನಿಂತವು. ರಾಜ ಬಂದು ನೋಡಿದ. ಮೂರು ತಿಂಗಳಾದ ಮೇಲೂ ಇದೇ ಕತೆಯಾದರೆ ಕೂಟವನ್ನು ಮುರಿದು ಎಲ್ಲರನ್ನೂ ಕಲ್ಲು ಒಡೆಯಲು ಕಳಿಸುವುದಾಗಿ ಹೇಳಿದ. ರಾಜನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು.

ಕೂಟದ ಯಜಮಾನ ದೇವಣಾಚಾರಿ. ಅವನ ಮಗಳು ಪದುಮೆ, ಹೊಲಿಗೆಯಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಅವಳು ಹನ್ನೊಂದನೆಯ ಹಡಗನ್ನು ಹತ್ತಿ ನೋಡಿದಳು. ಪರೀಕ್ಷೆಗೆಂದು ತುಂಬಿದ ನೀರು ತಿಂಗಳಾದರೂ ಹಾಗೇ ಇತ್ತು. ಕಾಗೆಗಳು ಅಂಚಿನಲ್ಲಿ ಕೂತು ಕುಡಿಯುತ್ತಿದ್ದವು.

“ಅಪ್ಪಯ್ಯ, ನೀರನ್ನು ಒಳಗೆ ಬಿಡದ್ದು ಹೊರಗೂ ಬಿಡುವುದಿಲ್ಲ” ಎಂದಳು. “ಮಾಂತ್ರಿಕನದು ಮಣ್ಣಿನ ಗಡಿಗೆ. ಮಣ್ಣು ಜಿನುಗದೆ ಇರದು. ಅವನಿಗೆ ನಮ್ಮ ಕೆಲಸ ಬೇಕಾಗಿರುತ್ತದೆ.”

“ತೇಲದ್ದನ್ನು ಕಟ್ಟಿದ ಕೈ ನಮ್ಮ ಕುಲದಲ್ಲಿ ಇಲ್ಲ.”

“ಈ ಹನ್ನೊಂದು ತೇಲುತ್ತಿವೆಯೇ?”

ದೇವಣಾಚಾರಿ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಉಳಿ ಮಸೆದು, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಹಡಗುಗಳನ್ನು ಬಿಚ್ಚಿ, ಹಲಗೆಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ನಲವತ್ತು ಮನೆಯವರೂ ಹೊರಟರು.

ಬೆಟ್ಟದ ಬುಡದಲ್ಲಿ ಒಂದು ಹುಲಿ ದಾರಿಗೆ ಅಡ್ಡ ಮಲಗಿತ್ತು. ಅದರ ಬಾಯಿಂದ ಬೆಂಕಿ ಬರುತ್ತಿತ್ತು. ಆ ಬೆಂಕಿಗೆ ಅದರ ಮೀಸೆಯೇ ಸುಟ್ಟು, ಅದು ನರಳುತ್ತಿತ್ತು. ಪದುಮೆ ಅರ್ಧ ಹಡಗನ್ನು ಹೊಲಿಸಿ, ತೊರೆಯ ನೀರು ತುಂಬಿಸಿದಳು. ಹುಲಿ ಅದರಲ್ಲಿ ಕತ್ತಿನವರೆಗೆ ಮುಳುಗಿ ಕೂತು, ದಾರಿ ಬಿಟ್ಟಿತು. ಇದು ತೇಲುವುದಿಲ್ಲ ಎಂದು ದೇವಣಾಚಾರಿ ಗೊಣಗಿದ.

ನಡುಬೆಟ್ಟದಲ್ಲಿ ಮನೆಯಷ್ಟು ದೊಡ್ಡ ಹಕ್ಕಿಯೊಂದು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ನಿಂತಿತ್ತು. ಅಲ್ಲಿ ಸದಾ ಕಲ್ಲಿನ ಮಳೆ. ಹಕ್ಕಿ ಕದಲದೆ ದಾರಿಯಿಲ್ಲ, ಕದಲಿದರೆ ಮೊಟ್ಟೆ ಉಳಿಯದು. ಪದುಮೆ ಒಂದು ಹಡಗು ಹೊಲಿಸಿ ಮೊಟ್ಟೆಗಳ ಮೇಲೆ ಬೋರಲು ಹಾಕಿಸಿದಳು. ಆರು ವರ್ಷಗಳಲ್ಲಿ ಮೊದಲ ಸಲ ಹಕ್ಕಿ ರೆಕ್ಕೆ ಮಡಿಚಿತು. ಬೆಟ್ಟದ ತುದಿಯಿಂದ ನೇರವಾಗಿ ಬರಿದಾದ ಕಡಲ ಗುಂಡಿಗೆ ಇಳಿಯುವ ನುಣುಪು ಬಂಡೆಯ ಇಳಿಜಾರನ್ನು ತೋರಿಸಿಕೊಟ್ಟಿತು. ಈ ಸಲ ದೇವಣಾಚಾರಿ ಗೊಣಗಲಿಲ್ಲ. ಬೋರಲು ಹಡಗಿನ ಹೊಲಿಗೆಯನ್ನು ಸುಮ್ಮನೆ ಒಮ್ಮೆ ಸವರಿ ನೋಡಿದ.

ತುದಿಯಲ್ಲಿ ಮಾಂತ್ರಿಕ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದ. ಗಡಿಗೆ ಜಿನುಗುತ್ತಿತ್ತು. ಬಿದ್ದ ಪ್ರತಿ ಹನಿಯೂ ಒಂದು ಅಲೆಯಷ್ಟು ಸದ್ದು ಮಾಡುತ್ತಿತ್ತು. ಅವನು ಮಲಗಿ ಬಹಳ ಕಾಲವಾಗಿತ್ತು. ಜಿನುಗದ ಪಾತ್ರೆ ಕಟ್ಟಿಕೊಡದಿದ್ದರೆ ಎಲ್ಲರನ್ನೂ ಆಮೆ ಮಾಡುತ್ತೇನೆಂದ.

“ಕಟ್ಟುತ್ತೇವೆ ಸ್ವಾಮಿ” ಎಂದಳು ಪದುಮೆ. “ಆದರೆ ತುಂಬಿಸಿ ನೋಡುವುದು ನಮ್ಮ ಪದ್ಧತಿ. ನೋಡಿ ಮುಗಿಯುವ ತನಕ ಪಾತ್ರೆ ನಮ್ಮದು.”

ನಿದ್ದೆಗೆಟ್ಟವನು ಯಾವ ಕರಾರಿಗೂ ಒಪ್ಪುತ್ತಾನೆ. ಅವನೂ ಒಪ್ಪಿದ.

ಇಳಿಜಾರಿನ ಅಂಚಿನಲ್ಲಿ, ಉರುಳುವ ದಿಮ್ಮಿಗಳ ಮೇಲೆ, ಉಳಿದ ಹಲಗೆಯನ್ನೆಲ್ಲ ಸೇರಿಸಿ ಅವರು ಒಂದು ಹಡಗು ಕಟ್ಟಿದರು. ತಳದ ತೂತಿಗೆ ಒಂದು ಬೆಣೆ ಬಡಿದರು; ಪರೀಕ್ಷೆಯ ನೀರು ಬಿಡಲು ಪ್ರತಿ ಹಡಗಿಗೂ ಅದು ಇರುತ್ತದೆ. ದೇವಣಾಚಾರಿ ಮುತ್ತಜ್ಜಿಯ ಕೊಡ ಸುರಿದ. ಮಾಂತ್ರಿಕ ಮಂತ್ರ ಹೇಳಿ ಗಡಿಗೆ ಬಗ್ಗಿಸಿದ. ಇಡೀ ಕಡಲು, ಮೀನುಗಳ ಸಮೇತ, ಹಡಗಿನೊಳಗೆ ಸೇರಿತು.

ಎಲ್ಲರೂ ಕಾದರು. ಒಂದು ಹನಿಯೂ ಜಿನುಗಲಿಲ್ಲ. ಬೆಟ್ಟ ಎಷ್ಟು ನಿಶ್ಶಬ್ದವಾಯಿತೆಂದರೆ, ಮಾಂತ್ರಿಕ ಕೂತಲ್ಲೇ ತೂಕಡಿಸಿ ಗೊರಕೆ ಹೊಡೆದ. ಒಳ್ಳೆಯ ಕೆಲಸಕ್ಕೆ ಇಷ್ಟು ಪ್ರಾಮಾಣಿಕ ಮೆಚ್ಚುಗೆ ಸಿಗುವುದು ಅಪರೂಪ.

ಪದುಮೆ ಹಡಗು ಹತ್ತಿದಳು. ದೇವಣಾಚಾರಿ ದಿಮ್ಮಿಗೆ ಕೊಟ್ಟ ತಡೆಯನ್ನು ಒಂದೇ ಏಟಿಗೆ ಹಾರಿಸಿದ. ಹಡಗು ಇಳಿಜಾರಿನಲ್ಲಿ ಜಾರಿ ಒಣ ಗುಂಡಿಯ ನಡುವೆ ಹೋಗಿ ನಿಂತಿತು. ಅವಳು ಮುಳುಗು ಹಾಕಿ ಬೆಣೆ ಕಿತ್ತಳು. ಕಡಲು ಹೊರಗೆ ಹರಿಯಿತು, ಹರಡಿತು, ಏರಿತು. ಕಡೆಯ ನೀರು ಹೋದೊಡನೆ ಬೆಣೆಯನ್ನು ಮತ್ತೆ ಬಡಿದಳು. ಇಷ್ಟು ಹೊತ್ತು ಕಡಲನ್ನು ಹೊತ್ತ ಹಡಗನ್ನು ಈಗ ಕಡಲು ಹೊತ್ತಿತು.

“ತೇಲಿತು” ಎಂದ ದೇವಣಾಚಾರಿ ಬೆಟ್ಟದ ಮೇಲಿಂದ.

ಅಲೆಯ ಸದ್ದಿಗೆ ಮಾಂತ್ರಿಕ ಎದ್ದ. ಮತ್ತೆ ಎಂದೂ ಮಲಗಲಿಲ್ಲ. ನಿದ್ದೆಯಿಲ್ಲದೆ ಒಂದೊಂದೇ ಮಂತ್ರ ಮರೆತುಹೋಯಿತು. ರಾಜ ಕೂಟವನ್ನು ಮುರಿಯಲಿಲ್ಲ. ಕೂಟ ಈಗ ಹಡಗು, ತೊಟ್ಟಿ, ಸೂರು, ಮೂರನ್ನೂ ಕಟ್ಟತೊಡಗಿತು.

ಮುಂದಿನ ಹಡಗಿಗೆ ನೀರು ತುಂಬುವಾಗ ದೇವಣಾಚಾರಿ ಮುತ್ತಜ್ಜಿಯ ಕೊಡ ಸುರಿದು, ಇನ್ನೊಂದು ಕೊಡ ಎತ್ತಿದ. ಅದು ಯಾರಿಗೆಂದು ಹಿರಿಯರು ಕೇಳಿದರು.

“ಧೂಮಾಕ್ಷನಿಗೆ. ಅವನು ಕಡಲು ಕದಿಯದಿದ್ದರೆ, ನಮ್ಮ ಕೈ ಇನ್ನೇನು ಕಟ್ಟಬಲ್ಲದೆಂದು ನಮಗೆ ಗೊತ್ತಾಗುತ್ತಿರಲಿಲ್ಲ.”

ಹಿರಿಯರು ಮುಖ ಗಂಟಿಕ್ಕಿದರು. ಪದುಮೆ ಅಪ್ಪನ ಕೈಯಿಂದ ಕೊಡ ಇಳಿಸಿ, ಚೊಂಬು ಕೊಟ್ಟಳು.

“ಅವನಿಗೆ ಇಷ್ಟು ಸಾಕು, ಅಪ್ಪಯ್ಯ.”

ಅಲೆಗೋಡಿನಲ್ಲಿ ಇಂದಿಗೂ ಹಾಗೇ ನಡೆಯುತ್ತದೆ: ಮುತ್ತಜ್ಜಿಗೆ ಒಂದು ಕೊಡ, ಕಳ್ಳನಿಗೆ ಒಂದು ಚೊಂಬು. ಹಡಗು ಸೋರುವುದಿಲ್ಲ, ಊರಿಗೆ ನೆಮ್ಮದಿಯ ನಿದ್ದೆ.